ಹುಣ್ಣಿಮೆಯ ಬದಿ

ಲಾಸ್ ಏಂಜಲೀಸ್
3 ಫೆಬ್ರವರಿ 1975

ಅಮ್ಮ,

ಈ ಕಾಗದದ ಜೊತೆ ಒಂದು ಚೌಕದ ಪೊಟ್ಟಣ ಬಂದಿರುತ್ತದೆ. ಬಿಚ್ಚುವ ಮೊದಲು ಇದನ್ನು ಓದು.

ಅದು ನನ್ನ ಹೊಸ ರೆಕಾರ್ಡು, 'ಕಡೆಯ ನೌಕೆ'. ಎರಡು ಪ್ಲೇಟಿನ ಸೆಟ್ಟು, ನಾಲ್ಕು ಬದಿ, ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ. ಇನ್ನೂರು ವರ್ಷ ಮುಂದಿನ ಕಾಲ. ಭೂಮಿಯ ಮೇಲೆ ಉಸಿರಾಡಲು ಗಾಳಿ ಸಾಲದೆ, ನಮ್ಮ ಕೇರಿಯವರು ಹಳೇ ಕಾರು, ಹಳೇ ಬಾಯ್ಲರುಗಳನ್ನು ಬಡಿದು ಆಕಾಶನೌಕೆಯೊಂದನ್ನು ಕಟ್ಟುತ್ತಾರೆ. ಅದನ್ನು ನಡೆಸುವವಳು ಒಬ್ಬ ಹೆಂಗಸು. ಅವಳಿಗೊಂದು ಮಗು, ಒಬ್ಬ ತಾಯಿ. ಹಾರಾಟವನ್ನು ತಾಳಲಾರದಷ್ಟು ಚಿಕ್ಕ ಮಗು. ಅದಕ್ಕೇ ಅಜ್ಜಿಯ ಹತ್ತಿರ ಬಿಟ್ಟು ಹೊರಡುತ್ತಾಳೆ. ಮುಂದಿನದನ್ನು ನೀನೇ ಕೇಳಬೇಕು.

ನಗಬೇಡ. ಹತ್ತು ವರ್ಷ ಪ್ರೀತಿ, ವಿರಹ ಎಂದು ಹಾಡಿದ ಗಂಟಲೇ ಇದರಲ್ಲೂ ಇರುವುದು. ನಮ್ಮ ಚರ್ಚಿನಲ್ಲಿದ್ದಂಥ ಆರ್ಗನ್ನನ್ನೇ ಹುಡುಕಿಸಿ ನುಡಿಸಿದ್ದೇನೆ. ನಡುನಡುವೆ ಯಂತ್ರದ ಕೀಂಯ್ ಕೀಂಯ್ ಇದೆ, ಅದಕ್ಕೆ ಹೆದರಬೇಡ. ಪ್ಲೇಟಿನ ಪ್ರತಿ ಬದಿಯ ನಟ್ಟನಡುವೆ ಅಂಟಿಸುವ ದುಂಡು ಚೀಟಿಯಲ್ಲಿ ಅಂಕಿಯ ಬದಲು ಚಂದ್ರನ ಚಿತ್ರ ಹಾಕಿಸಿದ್ದೇನೆ. ಜೊನೆಲ್‌ಗೆ ಇಷ್ಟವಾಗಬಹುದು.

ಕಂಪನಿಯವರು ಕೇಳುಗರ ಅಭಿಪ್ರಾಯಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದಾರೆ. ತಲೆ ಬಾಚಿಸಿಕೊಳ್ಳಲು ನಿನ್ನ ಪಾರ್ಲರಿಗೆ ಬರುವ ಹೆಂಗಸರಿಗಿಂತ ಕಟ್ಟುನಿಟ್ಟಾದ ಕಿವಿಗಳನ್ನು ನಾನಿನ್ನೂ ಕಂಡಿಲ್ಲ. ಶನಿವಾರ ಅವರೆದುರು ಹಾಕು. ಯಾರು ಏನೆಂದರೋ ಇದ್ದ ಹಾಗೇ ಬರಿ.

ಇನ್ನೊಂದು ಮಾತು. ಜೂನ್‌ನಲ್ಲಿ ಜೊನೆಲ್‌ಗೆ ಒಂಬತ್ತು ತುಂಬುತ್ತದೆ, ಶಾಲೆಯೂ ಮುಗಿಯುತ್ತದೆ. ಅವಳು ಇಲ್ಲಿಗೆ, ನನ್ನ ಹತ್ತಿರ ಬರಬೇಕು. ಇದನ್ನು ಹೇಗೆ ಎತ್ತಬೇಕೋ ತಿಳಿಯದೆ ಆರು ಕಾಗದ ಬರೆದು ಹರಿದುಹಾಕಿದೆ. ಹೇಳಬೇಕಾದ್ದೆಲ್ಲ ರೆಕಾರ್ಡಿನಲ್ಲಿದೆ, ಅದರಲ್ಲೂ ಕಡೆಯ ಹಾಡಿನಲ್ಲಿದೆ. ಅದನ್ನು ಕೇಳಿ, ನೀನು ಏನನ್ನುತ್ತೀಯೋ ಅದನ್ನೂ ಬರಿ.

ವರ್ಡೆಲ್

*

ಮೆಂಫಿಸ್
24 ಫೆಬ್ರವರಿ 1975

ವರ್ಡೆಲ್,

ಪೊಟ್ಟಣ ತಲುಪಿತು. ಕೇಳಿದೆವು. ಅಭಿಪ್ರಾಯ ಬೇಕೆಂದೆ, ಬರೆಯುತ್ತಿದ್ದೇನೆ.

ನಾನು ರೆಕಾರ್ಡು ಹಾಕುವ ರೀತಿ ನಿನಗೆ ಗೊತ್ತು. ಒಂದರ ಮೇಲೊಂದು ಪೇರಿಸಿ ಗೀರು ಬೀಳಿಸುವ ಚಾಳಿ ಈ ಮನೆಯಲ್ಲಿಲ್ಲ. ಒಂದು ಪ್ಲೇಟು ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎರಡೂ ಬದಿ ಕೇಳಿ, ಕವರಿಗೆ ಹಾಕಿದ ಮೇಲೆಯೇ ಇನ್ನೊಂದನ್ನು ಮುಟ್ಟುವುದು. ಹಾಗೆಯೇ ಕೇಳಿದೆವು. ಒಂದು ಬದಿಯನ್ನೂ ಬಿಡಲಿಲ್ಲ.

ಮದರ್ ಬ್ಲಾಂಟನ್ ಅಂದು ಬೇಗ ಬಂದು ಕೂತಿದ್ದರು. ಎಂಬತ್ತೊಂದು ವರ್ಷ, ಚರ್ಚಿನ ಹಿರಿಯಮ್ಮನಿಗೆ ಸಲ್ಲುವ ಮೊದಲ ಬೆಂಚು ಇವತ್ತಿಗೂ ಅವರದೇ. ಶವಸಂಸ್ಕಾರದ ಕಂಪನಿಯವರು ಚರ್ಚಿನಲ್ಲಿ ಹಂಚಿದ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿ, "ಅಲ್ಲಮ್ಮ ಓಜೆಲಾ, ಅಷ್ಟು ದೂರ ಹೋದ್ರಲ್ಲ, ದಾರೀಲಿ ಒಬ್ರಾದ್ರೂ ಪ್ರಾರ್ಥನೆ ಮಾಡಿದ್ರಾ?" ಎಂದರು. ಆರ್ಗನ್ ಇತ್ತಲ್ಲ ಎಂದೆ. "ಆರ್ಗನ್ನೇನು, ಕುಡಿಯೋ ಜಾಗದಲ್ಲೂ ಇರತ್ತೆ" ಎಂದು ಬಾಯಿ ಮುಚ್ಚಿಸಿದರು. ಆದರೆ ಗಾಳಿಯಿಲ್ಲದೆ ಕೇರಿ ಕೆಮ್ಮುವ ಹಾಡು ಬಂದಾಗ ಅವರ ಬೀಸಣಿಗೆ ನಿಂತಿತ್ತು. ನಾನು ನೋಡಿದೆ.

ಲಾಂಡ್ರಿಯಲ್ಲಿ ಕೆಲಸ ಮಾಡುವ ಅರ್ನೆಸ್ಟೀನ್‌ಳ ನಾಲಗೆ ನಿನಗೆ ನೆನಪಿರಬೇಕು. "ಬಸ್ಸಲ್ಲಿ ಬಿಳಿಯರ ಜೊತೆ ಮುಂದಿನ ಸೀಟಲ್ಲಿ ಕೂರೋಕೇ ನಮಗೆ ಅಷ್ಟು ವರ್ಷ ಹಿಡೀತು. ನಿಮ್ಮ ಮಗಳು ಸೀದಾ ರಾಕೆಟ್ಟೇ ಓಡಿಸ್ತಾಳೆ ನೋಡಿ!" ಎಂದಳು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ, "ಅದ್ಸರಿ, ಇನ್ನೂರು ವರ್ಷ ಆದ್ಮೇಲೂ ನಮ್ಮವರಿಗೆ ಕಡೇ ನೌಕೇನೇ ಗತಿನಾ? ಮೊದಲನೇದರಲ್ಲಿ ಯಾರು ಹೋದ್ರಂತೆ?" ಎಂದಳು. ಆಗ ಯಾರೂ ನಗಲಿಲ್ಲ.

ಅಂಚೆ ಕಚೇರಿಯ ಕ್ಲೋಟೀಲ್ ಕೂದಲು ಒಣಗಿಸುವ ಡ್ರೈಯರಿನ ಕೆಳಗೆ ತಲೆಯಿಟ್ಟು ಕೂತಿದ್ದಳು. ಗಾಳಿಯ ಭೋರಾಟದಲ್ಲಿ ಏನೂ ಕೇಳಿಸದೆ, ಬೇರೆಯವರ ಮುಖ ನೋಡಿ ಕಾಲು ಕುಣಿಸುತ್ತಿದ್ದಳು. ತನ್ನ ಮನೆಗೇ ಒಂದು ಸೆಟ್ಟು ತರಿಸುತ್ತಾಳಂತೆ.

ಕಡೆಯ ಹಾಡು ಮುಗಿಯಿತು. ನೌಕೆಯವಳು ಹೊಸ ಲೋಕದಲ್ಲಿ ಮೇಜು ಒರೆಸಿ, ತನಗೊಂದು, ಮಗುವಿಗೊಂದು ಬಟ್ಟಲಿಡುತ್ತಾಳಲ್ಲ, ಅದು. ಅರ್ನೆಸ್ಟೀನ್ ಸುಮ್ಮನಿರಬೇಕಲ್ಲ. "ಎರಡೇ ಬಟ್ಟಲು. ಮುದುಕಿ ಎಲ್ಲೋದ್ಳು?" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕೂದಲು ನೇರ ಮಾಡುವ ಕಾದ ಬಾಚಣಿಗೆ ಕೈಯಲ್ಲಿತ್ತು, ಮುಂದಿನ ತಲೆ ಕಾಯುತ್ತಿತ್ತು. ನಾನು ಕೆಲಸ ನೋಡಿಕೊಂಡೆ.

ಜೊನೆಲ್ ಚೆನ್ನಾಗಿದ್ದಾಳೆ. ಗಣಿತದಲ್ಲಿ ಮುಂದಿದ್ದಾಳೆ.

ಓಜೆಲಾ ಪ್ರೇಥರ್

*

ಲಾಸ್ ಏಂಜಲೀಸ್
5 ಮಾರ್ಚ್ 1975

ಅಮ್ಮ,

ಮದರ್ ಬ್ಲಾಂಟನ್‌ರ ಬೀಸಣಿಗೆ ನಿಂತ ಸಾಲನ್ನು ನಾಲ್ಕು ಸಲ ಓದಿದೆ. ಇಲ್ಲಿನ ಪತ್ರಿಕೆಯವರು ಬರೆದದ್ದನ್ನೆಲ್ಲ ಅದರ ಪಕ್ಕದಲ್ಲಿಟ್ಟರೂ ಅಷ್ಟು ತೂಗುವುದಿಲ್ಲ. ಅರ್ನೆಸ್ಟೀನ್‌ಗೆ ಹೇಳು, ಮೊದಲ ನೌಕೆಯಲ್ಲಿ ಯಾರು ಹೋದರೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಆದರೆ ಬಟ್ಟಲಿನ ಮಾತು ಎಲ್ಲಿಂದ ಬಂತು? ಅದು ಕಡೆಯ ಹಾಡಲ್ಲ. ಅರ್ನೆಸ್ಟೀನ್ ಅರ್ಧಕ್ಕೇ ಎದ್ದಿರಬೇಕು, ಇಲ್ಲವೇ ಹರಟೆಯಲ್ಲಿ ಉಳಿದದ್ದನ್ನು ಕೇಳಿರಲಿಕ್ಕಿಲ್ಲ. ಅವಳನ್ನು ಬಿಡು. ನೀನು ಪೂರ್ತಿ ಕೇಳಿದೆಯಾ? ಎರಡು ಪುಟದ ತುಂಬ ಊರವರ ಮಾತು ಬರೆದಿದ್ದೀಯೆ. ನಿನ್ನದು ಒಂದು ಸಾಲೂ ಇಲ್ಲ.

ಜೊನೆಲ್‌ಳ ವಿಷಯಕ್ಕೂ ಉತ್ತರವಿಲ್ಲ. ಜೂನ್ ಎಂದಿದ್ದೆ. ಹೌದೋ ಅಲ್ಲವೋ ಹೇಳು. ಇಲ್ಲಿನ ಶಾಲೆಯಲ್ಲಿ ಹೆಸರು ಬರೆಸಬೇಕು.

ವರ್ಡೆಲ್

*

ಮೆಂಫಿಸ್
14 ಮಾರ್ಚ್ 1975

ವರ್ಡೆಲ್,

ನನ್ನ ಅಭಿಪ್ರಾಯ ಬೇಕೆಂದು ಪಟ್ಟು ಹಿಡಿದಿದ್ದೀಯೆ. ಸರಿ, ತಗೋ.

ಅರ್ನೆಸ್ಟೀನ್ ಎದ್ದು ಹೋಗಿರಲಿಲ್ಲ. ಸೂಜಿ ನಡುವಿನ ಚೀಟಿಯ ಹತ್ತಿರ ಬಂದು ಗರಗರ ಎನ್ನುವವರೆಗೆ ಎಲ್ಲರೂ ಕೂತಿದ್ದೆವು. ನಾನು ಇನ್ನೆರಡು ಸಲ ಒಬ್ಬಳೇ ಕೂತು ಕೇಳಿದೆ. ನಿನ್ನ ನೌಕೆಯವಳು ಹೋಗುತ್ತಾಳೆ. ಬರುತ್ತಾಳೆ. 'ಬಾಗಿಲು ತೆರೆದಿದೆ, ಅಮ್ಮಾ, ಮೆಟ್ಟಿಲು ಇಳಿಸಿದ್ದೇನೆ' ಎಂದು ಕರುಳು ಹಿಂಡುವ ಹಾಗೆ ಹಾಡುತ್ತಾಳೆ. ಆಮೇಲೆ ಮತ್ತೆ ಹಾರಿಹೋಗುತ್ತಾಳೆ. ಕಡೆಗೆ ಮೇಜಿನ ಮೇಲೆ ಎರಡು ಬಟ್ಟಲು. ನೀನೇ ಹಾಡಿದ್ದನ್ನು ನೀನೇ ಅಲ್ಲವೆನ್ನುತ್ತೀಯಲ್ಲ, ಧೈರ್ಯವೇ ಧೈರ್ಯ.

ಆ ಕಥೆ ನನಗೆ ಹೊಸದಲ್ಲ. ನಾಲ್ಕು ವರ್ಷದ ಹಿಂದಿನ ಈಸ್ಟರ್ ನೆನಪಿದೆಯೇ? ಮಗುವಿಗೆ ಹಳದಿ ಫ್ರಾಕು ತಂದೆ. ಚರ್ಚಿನಲ್ಲಿ ಹಾಡಿದೆ, ಊರೆಲ್ಲ ಕಣ್ಣೊರೆಸಿಕೊಂಡಿತು. ನಾನು ಮಾಡಿದ ಕೇಕನ್ನು ಎರಡು ಸಲ ಹಾಕಿಸಿಕೊಂಡೆ. ಸೋಮವಾರ ನಾವು ಏಳುವ ಹೊತ್ತಿಗೆ ನಿನ್ನ ಹಾಸಿಗೆ ಮಡಿಸಿತ್ತು. ಐದು ಕೂಡ ತುಂಬಿರದ ಜೊನೆಲ್ ತಿಂಡಿಗೆಂದು ತಾನೇ ಮೂರು ಬಟ್ಟಲು ಜೋಡಿಸಿ, ಕುರ್ಚಿಯ ಮೇಲೆ ಕೂತು ಬಾಗಿಲು ನೋಡುತ್ತಿದ್ದಳು. ಒಂದು ಬಟ್ಟಲನ್ನು ನಾನು ಎತ್ತಿ ಒಳಗಿಟ್ಟೆ. ಒಂಬತ್ತು ದಿನ ಅತ್ತಳು. ನಿನಗೆ ಅದು ಹಾಡು, ನನಗೆ ಆ ಸೋಮವಾರ.

ಈಗ ಎರಡು ಬಟ್ಟಲಿನ ಮೇಜು ನಿನ್ನದಾಗಬೇಕು, ಒಂದು ಬಟ್ಟಲಿನದು ನನ್ನದಾಗಬೇಕು, ಅಲ್ಲವೇ? ಹೇಳಬೇಕಾದ್ದೆಲ್ಲ ರೆಕಾರ್ಡಿನಲ್ಲಿದೆ ಎಂದೆ. ಕೇಳಿಸಿತು.

ವಕೀಲ ಟ್ರಿಗ್ ಅವರ ಹತ್ತಿರ ಹೋಗಿದ್ದೆ. ಜೊನೆಲ್ ನನ್ನ ಹತ್ತಿರವೇ ಇರಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಏಪ್ರಿಲ್ 28, ಸೋಮವಾರ, ವಿಚಾರಣೆ. ಕೋರ್ಟಿನಿಂದ ನಿನಗೂ ಕಾಗದ ಬರುತ್ತದೆ.

ಓಜೆಲಾ ಪ್ರೇಥರ್

*

ಲಾಸ್ ಏಂಜಲೀಸ್
22 ಮಾರ್ಚ್ 1975

ಅಮ್ಮ,

ಕೋರ್ಟಿನ ಕಾಗದ ನಿನ್ನೆ ಬಂತು. ಅದರಲ್ಲಿ ನನ್ನನ್ನು 'ಮಗುವನ್ನು ತೊರೆದು ಹೋದ ತಾಯಿ' ಎಂದು ಬರೆದಿದೆ. ಕೆಳಗೆ ನಿನ್ನ ಸಹಿ. ಒಂದನೇ ತರಗತಿಯಲ್ಲಿ ನನ್ನ ಅಂಕಪಟ್ಟಿಯ ಮೇಲೆ ಹಾಕುತ್ತಿದ್ದೆಯಲ್ಲ, ಅದೇ ಉರುಟು ಸಹಿ.

ನಾನು ಒಂಬತ್ತು ತಿಂಗಳು ತಿದ್ದಿ ತಿದ್ದಿ ಮಾಡಿದ ಹಾಡುಗಳನ್ನು ಎತ್ತಿಕೊಂಡು ಆ ಈಸ್ಟರ್‌ಗೆ ಗಂಟು ಹಾಕುತ್ತಿದ್ದೀಯೆ. ನಿನಗೆ ಬೇಕಾದದ್ದು ನಿನ್ನ ಕಿವಿಗೆ ಕೇಳಿಸಿದೆ, ಅಷ್ಟೇ. ಹನ್ನೆರಡು ವರ್ಷದವಳಿದ್ದಾಗ ಚರ್ಚಿನ ಕಾಯಿರಿನಲ್ಲಿ ನಿಂತು ಹಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವ ದಾರಿಯಲ್ಲಿ ನೀನು ಹೇಳಿದ್ದು ಒಂದೇ ಮಾತು, "ಎರಡನೇ ಚರಣದಲ್ಲಿ ಉಸಿರು ಬಿಟ್ಟುಬಿಟ್ಟೆ." ಇವತ್ತಿಗೂ ನಿನ್ನದು ಅದೇ ಕಿವಿ.

ನೀನೊಬ್ಬಳೇ ಅಲ್ಲ, ಸಮಾಧಾನ ಮಾಡಿಕೋ. ಕಂಪನಿಗೆ ಕಂತೆಗಟ್ಟಲೆ ಕಾಗದ ಬರುತ್ತಿದೆ. ಅರ್ಧ ಜನ ಅತ್ತೆವು ಎನ್ನುತ್ತಾರೆ. ಇನ್ನರ್ಧ ಜನ, ಆ ನೌಕೆಯವಳಿಗೆ ಹೃದಯವಿಲ್ಲ, ಹೆತ್ತ ತಾಯಿಯನ್ನು ಉಸಿರಿಲ್ಲದ ಊರಲ್ಲಿ ಬಿಟ್ಟು ಹೋದಳು ಎಂದು ಬೈಯುತ್ತಾರೆ. ಒಂದೇ ರೆಕಾರ್ಡು ಕೇಳಿ ಇಷ್ಟು ಬೇರೆ ಬೇರೆ ಹೇಗೆ ಆಡುತ್ತಾರೋ ನನಗಂತೂ ಗೊತ್ತಾಗುತ್ತಿಲ್ಲ.

ನನಗೂ ವಕೀಲರಿದ್ದಾರೆ. ಇಪ್ಪತ್ತೆಂಟಕ್ಕೆ ಬರುತ್ತೇನೆ. ಮನೆಗೆ ಬರುವುದಿಲ್ಲ. ವಿಮಾನ ನಿಲ್ದಾಣದಿಂದ ನೇರ ಕೋರ್ಟಿಗೆ.

ವರ್ಡೆಲ್ ಪ್ರೇಥರ್

*

ಮೆಂಫಿಸ್
6 ಏಪ್ರಿಲ್ 1975

ಪ್ರೀತಿಯ ಅಮ್ಮ,

ನಾನು ಜೊನೆಲ್. ವಿಳಾಸವನ್ನು ಪೊಟ್ಟಣದ ಮೇಲಿಂದ ನೋಡಿ ಬರೆದುಕೊಂಡೆ. ಅಜ್ಜಿಗೆ ಹೇಳಬೇಡ. ಹೇಳಿದರೂ ಪರವಾಗಿಲ್ಲ, ಆದರೆ ಬೈಯುತ್ತಾಳೆ.

ನಿನ್ನ ರೆಕಾರ್ಡಿನಲ್ಲಿ ನನಗೆ ಬಾಯ್ಲರು ಬಡಿಯುವ ಹಾಡು ಇಷ್ಟ. ನನ್ನ ಗೆಳತಿ ಪ್ಯಾಟ್ರಿಸ್‌ಗೂ ಇಷ್ಟ, ನಾವಿಬ್ಬರೂ ಬಕೆಟ್ ಬಡಿದು ಹಾಡುತ್ತೇವೆ. ಕೀಂಯ್ ಸದ್ದು ಇನ್ನೂ ಜಾಸ್ತಿ ಇರಬೇಕಿತ್ತು ಎಂದು ಅವಳ ಅಣ್ಣ ಹೇಳುತ್ತಾನೆ.

ವಕೀಲರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ನಿಂಗೆ ಯಾರ ಜೊತೆ ಇರೋಕೆ ಇಷ್ಟ, ಪುಟ್ಟಿ?" ಎಂದು ಕೇಳಿದರು. ನಾನು, "ನೌಕೇಲಿ ಅಜ್ಜಿಗೆ ಸೀಟಿಲ್ವಾ?" ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಅಜ್ಜಿಯ ಕಾಲು ಊದಿಕೊಳ್ಳುತ್ತದೆ. ಶನಿವಾರ ಅಂಗಡಿ ಮುಚ್ಚಿದ ಮೇಲೆ ನಾನೇ ಬಿಸಿನೀರಿನ ಬೇಸಿನ್ ತಂದುಕೊಡುತ್ತೇನೆ. ನಾನು ಬಂದರೆ ಯಾರು ತಂದುಕೊಡುತ್ತಾರೆ? ನಾನು ಬರದಿದ್ದರೆ ನೀನು ಮತ್ತೆ ನಾಲ್ಕು ವರ್ಷ ಬರುವುದಿಲ್ಲವಾ?

ಉತ್ತರ ಬರಿ. ಪ್ಯಾಟ್ರಿಸ್ ಮನೆಯ ವಿಳಾಸಕ್ಕೆ ಬರಿ.

ಜೊನೆಲ್

*

ಮೆಂಫಿಸ್
14 ಏಪ್ರಿಲ್ 1975

ವರ್ಡೆಲ್,

ಈ ಕಾಗದವನ್ನು ವಕೀಲರಿಗೆ ತೋರಿಸದೆ ಬರೆಯುತ್ತಿದ್ದೇನೆ. ಮೊನ್ನೆ ಶನಿವಾರ ಅಂಗಡಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಕ್ಲೋಟೀಲ್ ಬಂದಳು. ರೆಕಾರ್ಡು ತರಿಸಿ ಮನೆಯಲ್ಲಿ ಕೇಳಿದ್ದಾಳೆ. ಬಂದವಳೇ ಚೀಲ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು. "ಮಿಸ್ ಓಜೆಲಾ, ಎಂಥಾ ಮಗಳನ್ನ ಹೆತ್ತಿದ್ದೀರಿ! ಆ ಕಡೇ ಹಾಡು ಕೇಳಿ ನಾನೂ ನನ್ನ ಗಂಡನೂ ಸೋಫಾ ಮೇಲೆ ಕೂತು ಗೊಳೋ ಅಂತ ಅತ್ವಿ" ಎಂದಳು.

ಅರ್ನೆಸ್ಟೀನ್‌ಗೆ ಮೈಯೆಲ್ಲ ಉರಿದುಹೋಯಿತು. "ತಾಯೀನ ಬಿಟ್ಟು ಎರಡು ಬಟ್ಟಲು ಇಟ್ಕೊಂಡು ಕಾಫಿ ಕುಡಿಯೋದು ಕೇಳಿ ಅಳೋದಾ? ನಿಂಗೇನ್ ಬಂತೇ?"

"ಯಾವ ಎರಡು ಬಟ್ಟಲು? ಅದು ಯಾವಾಗಲೋ ಮುಗಿದೋಯ್ತಲ್ಲ. ಅವಳು ಒಬ್ಳೇ ಕೂತು, ಮಗಳು ಬಂದ್ರೆ ಹೀಗಿಡ್ತೀನಿ ಅಂತ ಕನಸು ಕಾಣೋ ಹಾಡು ಅದು. ಆಮೇಲೆ ತಾನೇ ವಾಪಸ್ ಬರೋದು?"

"ವಾಪಸ್ ಬಂದು ಆಮೇಲೆ ಹೋಗ್ತಾಳೆ ಕಣೆ!"

"ಹೋಗಿ ಆಮೇಲೆ ಬರ್ತಾಳೆ ಕಣೆ! ಮೆಟ್ಟಿಲು ಇಳಿಸಿ, ಅಮ್ಮನ ಕೈ ಹಿಡ್ಕೊಂಡು, ಮೂರನೇ ಬಟ್ಟಲಿಗೆ ಕಾಫಿ ಸುರೀತಾಳೆ. ಅಲ್ಲಿಗೆ ಮುಗೀತು. ಅದಾದ್ಮೇಲೆ ಒಂದು ಸದ್ದೂ ಇಲ್ಲ."

"ನೀನು ಕೇಳಿದ್ದು ಯಾವಳದೋ ಬೇರೆ ರೆಕಾರ್ಡಿರಬೇಕು."

"ನಿಂಗೆ ಲಾಂಡ್ರಿ ಹಬೆ ಕಿವಿಗೆ ಹೊಕ್ಕಿರಬೇಕು."

ಇನ್ನೇನು ಇಬ್ಬರೂ ಕೈ ಮಾಡುವುದೊಂದು ಬಾಕಿ. ಮದರ್ ಬ್ಲಾಂಟನ್ ಬೀಸಣಿಗೆಯನ್ನು ತೊಡೆಗೆ ಬಡಿದು, "ಥೂ, ಬಾಯಿ ಮುಚ್ರೇ ಇಬ್ರೂ. ಕ್ಲೋಟೀಲ್, ನಿಮ್ಮನೇಲಿ ಹೇಗೆ ಹಾಕಿದ್ರಿ ಅದನ್ನ?" ಎಂದು ಕೇಳಿದರು.

ಕ್ಲೋಟೀಲ್ ಮನೆಯಲ್ಲಿ ದೊಡ್ಡ ಪೆಟ್ಟಿಗೆಯಂಥ ಸ್ಟೀರಿಯೋ ಇದೆ. ಎರಡು ಪ್ಲೇಟನ್ನೂ ಕಡ್ಡಿಯ ಮೇಲೆ ಒಟ್ಟಿಗೆ ಪೇರಿಸುತ್ತಾರೆ. ಮೊದಲನೆಯದು ಮುಗಿದರೆ ಅದರ ಮೇಲೆ ಎರಡನೆಯದು ತಾನಾಗಿಯೇ ಬೀಳುತ್ತದೆ. ಎರಡೂ ಮುಗಿದ ಮೇಲೆ ಜೋಡಿಯನ್ನೇ ಮಗುಚಿ ಮತ್ತೆ ಹಾಕುತ್ತಾರೆ. ನಾನು ಎಂದೂ ಮಾಡದ ಕೆಲಸ, ಪ್ಲೇಟಿನ ಮೇಲೆ ಪ್ಲೇಟು ಉಜ್ಜುವುದು.

ಜೊನೆಲ್ ಅಷ್ಟು ಹೊತ್ತಿಗೆ ಕವರಿನಿಂದ ಎರಡೂ ಪ್ಲೇಟು ತೆಗೆದು ಕುರ್ಚಿಯ ಮೇಲಿಟ್ಟು ನೋಡುತ್ತಿದ್ದಳು. "ಅಜ್ಜೀ, ಒಂದೇ ಪ್ಲೇಟಿನ ಮುಂದೆ ಎಳೇ ಚಂದ್ರ, ಹಿಂದೆ ಹುಣ್ಣಿಮೆ. ಇನ್ನೊಂದ್ರಲ್ಲಿ ಅರ್ಧ ಚಂದ್ರ, ಮುಕ್ಕಾಲು ಚಂದ್ರ. ಆಕಾಶದಲ್ಲಿ ಹಾಗೆ ಬರಲ್ಲ. ಎಳೇದು, ಅರ್ಧ, ಮುಕ್ಕಾಲು, ಆಮೇಲೆ ತಾನೇ ಹುಣ್ಣಿಮೆ?" ಎಂದಳು.

ಹುಣ್ಣಿಮೆಯ ಬದಿ ಕಡೆಯದು. ನಾನು ಅದನ್ನು ಎರಡನೆಯದಾಗಿ ಹಾಕಿದ್ದೆ. ಪೇರಿಸುವ ಯಂತ್ರಕ್ಕೆ ಸರಿಹೋಗಲೆಂದು ನಿಮ್ಮ ಕಂಪನಿಯವರು ಮೊದಲ ಬದಿಯ ಬೆನ್ನಿಗೆ ಕಡೆಯದನ್ನು ಅಚ್ಚು ಹಾಕಿದ್ದಾರೆ. ನನ್ನ ಹಾಗೆ ಒಂದೊಂದೇ ಪ್ಲೇಟು ಜೋಪಾನವಾಗಿ ತಿರುವಿ ಹಾಕುವವರಿಗೆ ನಿನ್ನ ಕಥೆ ತಲೆಕೆಳಗಾಗಿ ಕೇಳಿಸುತ್ತದೆ. ಅಂಕಿಯಾದರೂ ಇದ್ದಿದ್ದರೆ ನೋಡುತ್ತಿದ್ದೆ. ನೀನು ಚಂದ್ರನ ಚಿತ್ರ ಹಾಕಿಸಿದೆ. ನಿನ್ನನ್ನು ಬೈಯುವ ಆ ಅರ್ಧ ಜನರೂ ನನ್ನಂಥವರೇ ಇರಬೇಕು. ಕಂಪನಿಗೆ ಹೇಳು.

ನಿನ್ನೆ ಚರ್ಚಿನಿಂದ ಬಂದವಳು ಟೋಪಿಯನ್ನೂ ತೆಗೆಯದೆ, ಒಂದೊಂದು ಬದಿಯನ್ನೂ ಚಂದ್ರ ನೋಡಿಕೊಂಡು ಹಾಕಿ ಕೇಳಿದೆ. ಜೊನೆಲ್ ಪಕ್ಕದಲ್ಲಿ ಕೂತಿದ್ದಳು. ಹುಣ್ಣಿಮೆಯ ಬದಿ ಮುಗಿದಾಗ ಸೂಜಿ ಎತ್ತಲು ನನ್ನ ಕೈಲಾಗಲಿಲ್ಲ, ಅವಳೇ ಎದ್ದು ಎತ್ತಿದಳು.

ಇಷ್ಟಾದ ಮೇಲೆ ನನ್ನ ತಪ್ಪನ್ನು ಹೇಳದೆ ಹೋದರೆ ಮದರ್ ಬ್ಲಾಂಟನ್ ಪಕ್ಕದಲ್ಲಿ ಕೂರಲು ನನಗೆ ಮುಖವಿರುವುದಿಲ್ಲ. ತಪ್ಪು ಪ್ಲೇಟು ತಿರುವಿದ್ದಲ್ಲ. ಮೂರು ಸಲ ಕೇಳಿದೆ, ಒಂದು ಸಲವೂ ಅನುಮಾನ ಬರಲಿಲ್ಲ. ಮಗಳು ಬಂದಳು, ಆಸೆ ತೋರಿಸಿದಳು, ಹೋದಳು. ಇದು ಇರುವುದೇ ಹೀಗೆ ಎಂದುಕೊಂಡೆ. ನಿನ್ನಿಂದ ಬೇರೆ ಯಾವ ಕೊನೆಯನ್ನೂ ನಾನು ನಿರೀಕ್ಷಿಸಿರಲಿಲ್ಲ. ಅದರಲ್ಲಿ ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು, ನನಗೆ ತಿಳಿಯದು.

ಅರ್ಜಿ ಇನ್ನೂ ಕೋರ್ಟಿನಲ್ಲಿದೆ. ಹಾಡು ಕೇಳಿ ಮಗುವನ್ನು ಕಳಿಸಿಕೊಡುವವಳು ನಾನಲ್ಲ. ಹಾಡಿನಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರಿ. ಸುಮ್ಮನೆ, ರಾಗವಿಲ್ಲದೆ.

ಓಜೆಲಾ

*

ಲಾಸ್ ಏಂಜಲೀಸ್
18 ಏಪ್ರಿಲ್ 1975

ಅಮ್ಮ,

ನಿನ್ನ ಕಾಗದ ಓದಿ ಕಂಪನಿಯ ಕಚೇರಿಯಲ್ಲೇ ಪ್ಲೇಟುಗಳನ್ನು ತೆಗೆದು ನೋಡಿದೆ, ಜೊನೆಲ್ ಹೇಳಿದ ಹಾಗೆಯೇ ಇದೆ. ಮಾರ್ಚಿನ ಕಾಗದದಲ್ಲಿ ನೀನು 'ಬರುತ್ತಾಳೆ, ಮತ್ತೆ ಹಾರಿಹೋಗುತ್ತಾಳೆ' ಎಂದು ಬರೆದದ್ದು ರೆಕಾರ್ಡಿನ ಬಗ್ಗೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನನ್ನೇ ಚುಚ್ಚುತ್ತಿದ್ದೀಯೆ ಎಂದುಕೊಂಡು ಕೋಪದಲ್ಲಿ ಓದಿದೆ. ನಿನ್ನಿಂದ ನಾನೂ ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ ನೋಡು.

ರಾಗವಿಲ್ಲದೆ ಬರಿ ಎಂದೆ. ಬರೆಯುತ್ತೇನೆ.

ಆ ಈಸ್ಟರ್ ಸೋಮವಾರ ಬೆಳಿಗ್ಗೆ ನಾನು ನಿನ್ನ ಕೋಣೆಯ ಬಾಗಿಲವರೆಗೆ ಬಂದಿದ್ದೆ. ಜೊನೆಲ್ ನಿನ್ನ ತೋಳಿನ ಮೇಲೆ ಮಲಗಿದ್ದಳು. ಎಬ್ಬಿಸಿದ್ದರೆ ನೀವಿಬ್ಬರಲ್ಲಿ ಒಬ್ಬರು ಇರು ಎನ್ನುತ್ತಿದ್ದಿರಿ. ಅಂದಿದ್ದರೆ ಇದ್ದುಬಿಡುತ್ತಿದ್ದೆ. ಮರುದಿನ ಕಾರ್ಯಕ್ರಮವಿತ್ತು, ನನ್ನ ಹೆಸರು ಮೊದಲ ಸಲ ಮೇಲಿನ ಸಾಲಿನಲ್ಲಿ ಅಚ್ಚಾಗಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಇದಕ್ಕೆ ಸಮಜಾಯಿಷಿ ಇಲ್ಲ. ನಾಚಿಕೆಯಾಗುತ್ತದೆ.

ಇಲ್ಲಿ ಮನೆ ಹಿಡಿದಿದ್ದೇನೆ. ಮೂರು ಕೋಣೆ. ಒಂದು ನನಗೆ, ಒಂದು ಜೊನೆಲ್‌ಗೆ, ಹಿತ್ತಲಿನ ಕಡೆಯದು ನಿನಗೆ. ಕೂದಲು ತೊಳೆಯುವ ಬೇಸಿನ್ ಕೂರಿಸಲು ಜಾಗವಿದೆ, ಅಳತೆ ತೆಗೆಸಿದ್ದೇನೆ. ಬಾ ಎಂದು ಕಾಗದದಲ್ಲಿ ಬರೆದರೆ ಬರುವುದಿಲ್ಲ ಎಂದು ನೀನು ಒಂದೇ ಸಾಲಿನಲ್ಲಿ ಬರೆಯುತ್ತೀಯೆಂದು ಹೆದರಿ ಹಾಡಿನಲ್ಲಿ ಹಾಕಿದೆ. ಹಾಡಿಗೆ ಯಾರೂ ಇಲ್ಲ ಎನ್ನುವುದಿಲ್ಲವಲ್ಲ.

ನೀವಿಬ್ಬರೂ ಬನ್ನಿ, ಅಮ್ಮ. ಇದು ನನ್ನ ಮಾತು.

ಇಪ್ಪತ್ತೆಂಟರ ಟಿಕೆಟ್ಟು ತೆಗೆಸಿಯಾಗಿದೆ. ಕೋರ್ಟಿನಲ್ಲಿ ನಿನ್ನೆದುರು ನಿಂತು ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಜೊನೆಲ್‌ಗೆ ಮುತ್ತು.

ಡೆಲ್

*

ಮೆಂಫಿಸ್
23 ಏಪ್ರಿಲ್ 1975
ತುರ್ತು ಅಂಚೆ

ಡೆಲ್,

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ಹಾಕಿ ಹೋಗಿ ಅರ್ಜಿಯನ್ನು ವಾಪಸ್ ತೆಗೆದುಕೊಂಡೆ. ಟ್ರಿಗ್ ಅವರು ಕನ್ನಡಕದ ಮೇಲಿಂದ ನೋಡಿ, "ಯಾಕೆ ಮಿಸೆಸ್ ಪ್ರೇಥರ್, ಹೊಸ ಸಾಕ್ಷಿ ಏನಾದ್ರೂ ಸಿಕ್ತಾ?" ಎಂದು ಕೇಳಿದರು. ಸಿಕ್ಕಿತು ಎಂದೆ. ಬಿಡಿಸಿ ಹೇಳಲಿಲ್ಲ. ರೆಕಾರ್ಡು, ಚಂದ್ರ ಎಂದಿದ್ದರೆ ಅವರು ಹುಚ್ಚಿನ ವೈದ್ಯರ ಹೆಸರು ಬರೆದುಕೊಡುತ್ತಿದ್ದರು.

ಈಗ ನನ್ನ ಅಭಿಪ್ರಾಯ. ನೀನು ಫೆಬ್ರವರಿಯಲ್ಲಿ ಕೇಳಿದ್ದು.

ನಿನ್ನ ಗಂಟಲು ಇನ್ನೂ ಆಳವಾಗಿದೆ. ನೌಕೆಯಲ್ಲಿ ಒಬ್ಬಳೇ ಕೂತು ಹಾಡುವುದನ್ನು ಕೇಳಿ, ನನ್ನ ಮಗು ಅಲ್ಲಿ ನಿಜವಾಗಿಯೂ ಒಬ್ಬಳೇ ಇದ್ದಾಳೆ ಎಂದು ಮೊದಲ ಸಲ ಅನ್ನಿಸಿತು. ನೀನು ಊರು ಬಿಟ್ಟ ಈ ಆರು ವರ್ಷವೂ ಮೆರೆಯುತ್ತಿದ್ದೀಯೆ ಎಂದೇ ತಿಳಿದಿದ್ದೆ. ಎಲ್ಲೂ ಉಸಿರು ಬಿಟ್ಟಿಲ್ಲ.

ಆದರೆ ಕಡೆಯ ಹಾಡಿನಲ್ಲಿ ಎರಡು ತಪ್ಪಿದೆ. ಒಂದು, ಮುದುಕಿ ಒಂದು ಮಾತೂ ಆಡದೆ ಮೆಟ್ಟಿಲು ಹತ್ತಿಬಿಡುತ್ತಾಳೆ. ಅವಳಿಗೆ ಹೋಗಲು ಮನಸ್ಸಿದೆಯೇ ಎಂದು ಯಾರೂ ಕೇಳಲಿಲ್ಲ. ನನಗೆ ಇಲ್ಲಿ ಉಸಿರಾಡಲು ಗಾಳಿ ಇದೆ, ಡೆಲ್. ಶನಿವಾರಕ್ಕೆ ಹದಿನಾಲ್ಕು ತಲೆಗಳಿವೆ. ಬೇಸಿನ್ನಿನ ಅಳತೆ ತೆಗೆಸಿದ್ದು ಓದಿ ನಕ್ಕೆ, ಆಮೇಲೆ ಅತ್ತೆ. ಆದರೂ ಇದು ನೀನು ನಾನು ಕಾಗದದಲ್ಲಿ ತೀರ್ಮಾನಿಸುವ ವಿಷಯವಲ್ಲ. ಜೊನೆಲ್‌ಳನ್ನು ನಡುವೆ ಕೂರಿಸಿಕೊಂಡು, ಮೂವರೂ ಮುಖ ನೋಡಿಕೊಂಡು ಮಾತಾಡಬೇಕು. ಅವಳು ನಿನಗೆ ಗುಟ್ಟಾಗಿ ಕಾಗದ ಬರೆದದ್ದು ನನಗೆ ಗೊತ್ತು. ಪ್ಯಾಟ್ರಿಸ್‌ಳ ಅಮ್ಮ ನನ್ನ ಹತ್ತಿರವೇ ತಲೆ ಬಾಚಿಸಿಕೊಳ್ಳುತ್ತಾಳೆ.

ಎರಡನೆಯ ತಪ್ಪು. ಮೂರನೇ ಬಟ್ಟಲಿಗೆ ನೀನು ಮೂರು ಚಮಚ ಸಕ್ಕರೆ ಹಾಕಿ ಕಲಕುತ್ತೀಯೆ. ನನಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ಕಾಲು ಊದುವುದು ಅದಕ್ಕೇ.

ಟಿಕೆಟ್ಟು ರದ್ದು ಮಾಡಬೇಡ. ಕೋರ್ಟಿನ ದಾರಿ ಮರೆತು ನೇರ ಮನೆಗೆ ಬಾ. ಸೋಮವಾರ ಜೊನೆಲ್ ಶಾಲೆಗೆ ಹೋಗುವುದಿಲ್ಲ. ಮೂರು ಬಟ್ಟಲು ಈಗಲೇ ತೊಳೆದು ಬೋರಲು ಹಾಕಿದ್ದಾಳೆ. ಅವನ್ನು ನಾನು ಮುಟ್ಟುವುದಿಲ್ಲ. ನನ್ನದಕ್ಕೆ ಸಕ್ಕರೆ ಬೇಡ.

ಎಷ್ಟು ದಿನ ಇರುತ್ತೀಯೋ ನಿನಗೆ ಬಿಟ್ಟದ್ದು. ನಿನ್ನ ಕೆಲಸ ದೊಡ್ಡದು, ನನಗೆ ಅರ್ಥವಾಗುತ್ತದೆ. ಹೋಗುವ ದಿನ ಮಾತ್ರ ಚಪ್ಪಲಿ ಹಾಕಿಕೊಂಡೇ ನಡೆ, ಸದ್ದಾಗಲಿ. ಜೊನೆಲ್‌ಳನ್ನು ಎಬ್ಬಿಸು. ನನ್ನನ್ನೂ ಎಬ್ಬಿಸು.

ಅಮ್ಮ